ಗಡಿಯಿಂದ ಕಾರ್ಖಾನೆಯ ಬಾಗಿಲಿಗೆ: ಅಮೆರಿಕದ ವಲಸೆ ಕಾನೂನು ಮತ್ತು ಉದ್ಯಮಿಯ ಹೊಣೆ

2025ರ ಸೆಪ್ಟೆಂಬರ್ 4ರಂದು ಅಮೆರಿಕದ ಜಾರ್ಜಿಯಾ ರಾಜ್ಯದ ಸವಾನಾ ನಗರದ ಸಮೀಪ, ಹ್ಯುಂಡೈ ಮತ್ತು ಎಲ್‌ಜಿ ಸಂಸ್ಥೆಗಳು ಕೂಡಿ ಕಟ್ಟಿಸುತ್ತಿದ್ದ ಬ್ಯಾಟರಿ ಕಾರ್ಖಾನೆಯ ಮೇಲೆ ವಲಸೆ ಜಾರಿ ಅಧಿಕಾರಿಗಳು ದಾಳಿ ನಡೆಸಿ 475 ಜನರನ್ನು ವಶಕ್ಕೆ ತೆಗೆದುಕೊಂಡರು. ಅವರಲ್ಲಿ 300ಕ್ಕೂ ಹೆಚ್ಚು ಮಂದಿ ದಕ್ಷಿಣ ಕೊರಿಯದವರು. ಮರುಭೂಮಿಯನ್ನು ನಡೆದು ದಾಟಿ ಕದ್ದು ಬಂದವರ ಸಾಲಿಗೆ ಇವರನ್ನು ಸೇರಿಸಲಾಗದು. ಅನೇಕರು ವಿಮಾನ ನಿಲ್ದಾಣದಲ್ಲಿ ಪಾಸ್‌ಪೋರ್ಟ್ ತೋರಿಸಿ, ಅನುಮತಿ ಪಡೆದು, ಯಂತ್ರಗಳ ಜೋಡಣೆಗೆಂದು ಬಂದಿದ್ದವರು. ವ್ಯವಹಾರ ಭೇಟಿಯ ಅನುಮತಿಯ ಮೇಲೆ ಬಂದವರು ಅಲ್ಲಿ ಮಾಡುತ್ತಿದ್ದ ಕೆಲಸವು ಆ ಅನುಮತಿಯ ವ್ಯಾಪ್ತಿಗೆ ಸೇರುತ್ತದೆಯೇ ಎಂಬುದೇ ತಕರಾರಿನ ಮೂಲವಾಯಿತು.

ಪೀಣ್ಯದಲ್ಲಿಯೋ ಬೆಳಗಾವಿಯಲ್ಲಿಯೋ ಯಂತ್ರ ತಯಾರಿಸಿ ಅಮೆರಿಕಕ್ಕೆ ಮಾರುವ, ಅದನ್ನು ಜೋಡಿಸಿ ಓಡಿಸಿ ತೋರಿಸಲು ಇಬ್ಬರು ಫಿಟ್ಟರ್‌ಗಳನ್ನು ಹಿಂದೆಯೇ ಕಳುಹಿಸುವ ಉದ್ಯಮಿಗೆ ಈ ಸಂಗತಿ ದೂರದ್ದಲ್ಲ. ಅಮೆರಿಕದ ವಲಸೆ ಚರ್ಚೆಯೆಂದರೆ ಮೆಕ್ಸಿಕೊ ಗಡಿಯ ಬೇಲಿ, ಇಲ್ಲವೇ ಸಾಫ್ಟ್‌ವೇರ್ ಎಂಜಿನಿಯರರ ಎಚ್-1ಬಿ ವೀಸಾ ಎಂಬ ಭಾವನೆ ನಮ್ಮಲ್ಲಿ ಬೇರೂರಿದೆ. ಆದರೆ ಗಡಿ ಕಾವಲಿನ ಒಂದು ಭಾಗವನ್ನು ಅಲ್ಲಿನ ಸರ್ಕಾರ ಬಹಳ ಹಿಂದೆಯೇ ಉದ್ಯೋಗದಾತನ ಹೆಗಲಿಗೆ ವರ್ಗಾಯಿಸಿದೆ. ಅದು ಹೇಗೆ ನಡೆಯಿತೆಂಬುದನ್ನು ತಿಳಿಯಲು ಸ್ವಲ್ಪ ಹಿಂದಕ್ಕೆ ಹೋಗಬೇಕಾಗುತ್ತದೆ.

ಟೆಕ್ಸಾಸ್ ಪರಂತುಕ

1942ರಿಂದ 1964ರವರೆಗೆ 'ಬ್ರಸೆರೊ' ಯೋಜನೆಯಡಿ ಮೆಕ್ಸಿಕೊದ ಕೃಷಿ ಕಾರ್ಮಿಕರನ್ನು ಅಮೆರಿಕವೇ ಕರಾರಿನ ಮೇಲೆ ಕರೆಸಿಕೊಳ್ಳುತ್ತಿತ್ತು. ಅದೇ ಕಾಲದಲ್ಲಿ ಕಾಗದಪತ್ರವಿಲ್ಲದೆ ಬರುವವರೂ ಹೆಚ್ಚಿದರು. 1952ರ ಕಾನೂನು ಅಂತಹವರಿಗೆ ಆಶ್ರಯ ನೀಡುವುದನ್ನು ಅಪರಾಧವೆಂದು ಸಾರಿತು. ಜೊತೆಯಲ್ಲಿಯೇ, ಉದ್ಯೋಗ ನೀಡುವುದು ಆಶ್ರಯ ನೀಡಿದಂತಾಗದು ಎಂಬ ಪರಂತುಕವೊಂದನ್ನೂ ಸೇರಿಸಿತು. ದೊಡ್ಡ ಹಿಡುವಳಿದಾರರ ಒತ್ತಾಯದಿಂದ ಬಂದ ಇದಕ್ಕೆ 'ಟೆಕ್ಸಾಸ್ ಪರಂತುಕ' ಎಂದೇ ಹೆಸರಾಯಿತು. ಬಂದವನು ಅಪರಾಧಿ, ದುಡಿಸಿಕೊಂಡವನು ನಿರಪರಾಧಿ ಎಂಬ ಈ ವಿಚಿತ್ರ ವ್ಯವಸ್ಥೆ 34 ವರ್ಷ ಬಾಳಿತು.

1986ರ ನವೆಂಬರ್ 6ರಂದು ಅಧ್ಯಕ್ಷ ರೇಗನ್ ಅಂಕಿತ ಹಾಕಿದ ಕಾಯಿದೆ ಇದನ್ನು ಬದಲಿಸಿತು. ಅದೊಂದು ರಾಜಿ ಸೂತ್ರ. ಈಗಾಗಲೇ ದೇಶದೊಳಗಿದ್ದ ಸುಮಾರು 27 ಲಕ್ಷ ಜನ ಅದರಡಿ ಕಾನೂನುಬದ್ಧ ನೆಲೆ ಪಡೆದರು. ಅದಕ್ಕೆ ಪ್ರತಿಯಾಗಿ, ಮುಂದೆ ಯಾರನ್ನೇ ಕೆಲಸಕ್ಕೆ ಸೇರಿಸಿಕೊಂಡರೂ ಉದ್ಯೋಗದಾತನು ದಾಖಲೆ ಪರಿಶೀಲಿಸಿ ಐ-9 ಎಂಬ ನಮೂನೆ ತುಂಬಬೇಕಾಯಿತು. ಒಬ್ಬನೇ ಕೆಲಸಗಾರನಿರುವ ಅಂಗಡಿಗೂ ಇದರಿಂದ ವಿನಾಯಿತಿಯಿಲ್ಲ. ಕೆಲಸಕ್ಕೆ ಸೇರಿದ ಮೂರು ದಿನಗಳೊಳಗೆ ಪರಿಶೀಲನೆ ಮುಗಿಯಬೇಕು. ಸೇರಿದಂದಿನಿಂದ ಮೂರು ವರ್ಷ ಅಥವಾ ಕೆಲಸ ಬಿಟ್ಟಂದಿನಿಂದ ಒಂದು ವರ್ಷ, ಇವೆರಡರಲ್ಲಿ ಯಾವುದು ತಡವೋ ಅಲ್ಲಿಯವರೆಗೆ ನಮೂನೆಯನ್ನು ಕಾಪಾಡಬೇಕು. ಅಕ್ರಮ ನೇಮಕವೇ ಇರದೆ ನಮೂನೆ ತುಂಬುವುದರಲ್ಲಿ ಲೋಪವಾದರೂ ಮೂಲ ಕಾಯಿದೆಯಲ್ಲಿ ತಲಾ 100ರಿಂದ 1,000 ಡಾಲರ್ ದಂಡವಿತ್ತು.

ಒಂದು ಪದದ ಮಹಿಮೆ

ಕಾಯಿದೆಯ ಜೀವಾಳವಿರುವುದು 'ಅರಿತು' ಎಂಬ ಒಂದು ಪದದಲ್ಲಿ. ಅಕ್ರಮ ವಲಸಿಗನೆಂದು ಅರಿತು ಕೆಲಸ ಕೊಟ್ಟರೆ ಮಾತ್ರ ಅಪರಾಧ. ಕಾರ್ಮಿಕನು ತೋರಿಸಿದ ದಾಖಲೆ ಮೇಲ್ನೋಟಕ್ಕೆ ನೈಜವೆಂದು ತೋರಿದರೆ ಸಾಕು, ಮಾಲೀಕನ ಕರ್ತವ್ಯ ಮುಗಿಯಿತು. ಅದಕ್ಕಿಂತ ಹೆಚ್ಚು ಕೆದಕಿ, ಮುಖ ನೋಡಿ, ಉಚ್ಚಾರಣೆ ಕೇಳಿ ಬೇರೆ ದಾಖಲೆ ತರುವಂತೆ ಒತ್ತಾಯಿಸಿದರೆ ಅದೇ ಕಾಯಿದೆಯ ಮತ್ತೊಂದು ವಿಧಿಯಡಿ ತಾರತಮ್ಯದ ಮೊಕದ್ದಮೆ ಎದುರಾಗುತ್ತದೆ. ಕಡಿಮೆ ನೋಡಿದರೆ ಒಂದು ದಂಡ, ಹೆಚ್ಚು ನೋಡಿದರೆ ಇನ್ನೊಂದು.

ಪರಿಣಾಮ ಊಹಿಸಬಹುದಾದುದೇ. ನಕಲಿ ಗುರುತಿನ ಚೀಟಿಗಳ ಮಾರುಕಟ್ಟೆ ಬೆಳೆಯಿತು. ಲೆಕ್ಕಪತ್ರದ ದೃಷ್ಟಿಯಿಂದ ಇದರಲ್ಲೊಂದು ಸೋಜಿಗವಿದೆ. ಸುಳ್ಳು ಸಂಖ್ಯೆಯ ಮೇಲೆ ದುಡಿಯುವವನ ಸಂಬಳದಿಂದ ಸಾಮಾಜಿಕ ಭದ್ರತೆಯ ವಂತಿಗೆ ಕ್ರಮವಾಗಿ ಕಡಿತವಾಗುತ್ತದೆ, ಮಾಲೀಕನ ಪಾಲೂ ಸಂದಾಯವಾಗುತ್ತದೆ. ಹೆಸರು ಮತ್ತು ಸಂಖ್ಯೆ ತಾಳೆಯಾಗದ ಆ ಗಳಿಕೆಯ ವಿವರಗಳು ಇಲಾಖೆಯ ಅಮಾನತು ಕಡತಕ್ಕೆ ಸೇರುತ್ತವೆ. ಕಟ್ಟಿದವರಲ್ಲಿ ಬಹುತೇಕರು ಪಿಂಚಣಿ ಕೇಳಲು ಬರುವುದೇ ಇಲ್ಲ!

2007ರಲ್ಲಿ ಸರ್ಕಾರ ಈ ಕಡತವನ್ನೇ ಅಸ್ತ್ರವಾಗಿಸಲು ಹೊರಟಿತು. ಸಂಖ್ಯೆ ತಾಳೆಯಾಗಿಲ್ಲವೆಂದು ಇಲಾಖೆಯಿಂದ ಪತ್ರ ಬಂದರೆ, ಮಾಲೀಕನು ನಿಗದಿತ ಅವಧಿಯೊಳಗೆ ಸರಿಪಡಿಸಬೇಕು ಅಥವಾ ಕೆಲಸಗಾರನನ್ನು ಬಿಡಿಸಬೇಕು. ಇಲ್ಲವಾದರೆ ಅವನು 'ಅರಿತಿದ್ದ'ನೆಂದು ಭಾವಿಸಬಹುದೆಂಬ ನಿಯಮ ಹೊರಬಿದ್ದಿತು. ಇದರ ವಿರುದ್ಧ ನ್ಯಾಯಾಲಯದ ಮೆಟ್ಟಿಲೇರಿದ ಕಾರ್ಮಿಕ ಸಂಘಟನೆಗಳ ಜೊತೆಗೆ ಅಮೆರಿಕದ ವಾಣಿಜ್ಯ ಮಂಡಳಿಯೂ ಸೇರಿಕೊಂಡಿತು. ಬೋನಸ್ ಮಾತುಕತೆಯಲ್ಲಿ ಮೇಜಿನ ಎರಡು ಬದಿಗಳಲ್ಲಿ ಕೂರುವವರು ಒಂದೇ ಬೆಂಚಿನಲ್ಲಿ ಕುಳಿತ ಅಪರೂಪದ ಪ್ರಕರಣವಿದು. ಆ ವರ್ಷದ ಅಕ್ಟೋಬರ್‌ನಲ್ಲಿ ಸ್ಯಾನ್ ಫ್ರಾನ್ಸಿಸ್ಕೊದ ಫೆಡರಲ್ ನ್ಯಾಯಾಲಯ ತಡೆಯಾಜ್ಞೆ ನೀಡಿತು. 2009ರಲ್ಲಿ ಸರ್ಕಾರ ನಿಯಮವನ್ನೇ ಹಿಂತೆಗೆದುಕೊಂಡಿತು.

ಈ ನಡುವೆ ಗಡಿಯ ಕಾವಲೂ ಬಲವಾಗುತ್ತಲೇ ಇತ್ತು. 1990ರ ದಶಕದ ಆರಂಭದಲ್ಲಿ ಸುಮಾರು 4,000 ಇದ್ದ ಗಡಿ ಕಾವಲುಗಾರರ ಸಂಖ್ಯೆ 2011ರ ವೇಳೆಗೆ 21,000 ದಾಟಿತು. ಅದೇ ಅವಧಿಯ ನಡುವೆ, 2007ರ ಹೊತ್ತಿಗೆ, ಅನುಮತಿಯಿಲ್ಲದೆ ನೆಲೆಸಿದವರ ಸಂಖ್ಯೆ ಸುಮಾರು 1.2 ಕೋಟಿಗೆ ಏರಿತ್ತು. ಹಿಂದೆ ಸುಗ್ಗಿ ಮುಗಿಸಿ ಊರಿಗೆ ಮರಳುತ್ತಿದ್ದವರು, ಮತ್ತೆ ದಾಟುವುದು ದುಬಾರಿಯೂ ಅಪಾಯಕರವೂ ಆದುದರಿಂದ ಅಲ್ಲಿಯೇ ಉಳಿದರು ಎಂದು ವಲಸೆಯನ್ನು ಅಧ್ಯಯನ ಮಾಡಿದ ಸಮಾಜಶಾಸ್ತ್ರಜ್ಞ ಡಗ್ಲಸ್ ಮಾಸ್ಸಿ ವಾದಿಸಿದ್ದಾರೆ. ಈ ವಾದದಲ್ಲಿ ಹುರುಳಿದೆ.

ಪೋಸ್ಟ್‌ವಿಲ್‌ನ ಪಾಠ

ಅಯೋವಾ ರಾಜ್ಯದ ಪೋಸ್ಟ್‌ವಿಲ್ ಎರಡು ಸಾವಿರ ಚಿಲ್ಲರೆ ಜನರ ಸಣ್ಣ ಊರು. 2008ರ ಮೇ 12ರಂದು ಅಲ್ಲಿನ ಮಾಂಸ ಸಂಸ್ಕರಣಾ ಘಟಕದಲ್ಲಿ ಒಂದೇ ದಿನ 389 ಕಾರ್ಮಿಕರ ಬಂಧನವಾಯಿತು. ಬಹುಪಾಲು ಜನರಿಗೆ ಸುಳ್ಳು ದಾಖಲೆ ಬಳಸಿದ ಅಪರಾಧಕ್ಕೆ ಐದು ತಿಂಗಳ ಸೆರೆವಾಸ, ಆಮೇಲೆ ಗಡೀಪಾರು. ಘಟಕ ಅದೇ ವರ್ಷ ದಿವಾಳಿ ಅರ್ಜಿ ಸಲ್ಲಿಸಿತು. ಬಾಡಿಗೆ ಮನೆಗಳು ಖಾಲಿಯಾದವು, ಅಂಗಡಿಗಳು ಗಿರಾಕಿಗಳನ್ನು ಕಳೆದುಕೊಂಡವು. ಘಟಕದ ಮುಖ್ಯಸ್ಥನಿಗೆ ಶಿಕ್ಷೆಯಾದುದಾದರೋ ಬ್ಯಾಂಕ್ ವಂಚನೆಗೆ. ಅದು ಸಾಬೀತಾದ ನಂತರ ವಲಸೆ ಸಂಬಂಧದ ಆರೋಪಗಳನ್ನು ಕೈಬಿಡಲಾಯಿತು. ದಾಳಿಯ ಭಾರ ಯಾರ ಮೇಲೆ ಬಿದ್ದಿತೆಂಬುದು ಇದರಿಂದ ಸ್ಪಷ್ಟವಾಗುತ್ತದೆ.

ರಾಜ್ಯಗಳೂ ಸುಮ್ಮನೆ ಕೂರಲಿಲ್ಲ. ಅರಿಜೋನಾ 2007ರಲ್ಲಿ ಮಾಡಿದ ಕಾನೂನಿನಂತೆ ತಪ್ಪಿತಸ್ಥ ಸಂಸ್ಥೆಯ ವ್ಯಾಪಾರ ಪರವಾನಗಿ ಮೊದಲ ಸಲ ಅಮಾನತಾಗಬಹುದು, ಎರಡನೆಯ ಸಲ ರದ್ದಾಗುತ್ತದೆ. 'ಇ-ವೆರಿಫೈ' ಎಂಬ ಗಣಕ ಪರಿಶೀಲನೆಯನ್ನೂ ಅಲ್ಲಿ ಕಡ್ಡಾಯಗೊಳಿಸಲಾಯಿತು. ವಾಣಿಜ್ಯ ಮಂಡಳಿ ಇದನ್ನು ಸುಪ್ರೀಂ ಕೋರ್ಟಿನವರೆಗೆ ಒಯ್ದರೂ 2011ರ ಮೇ ತಿಂಗಳಿನಲ್ಲಿ 5-3ರ ಬಹುಮತದಿಂದ ಸೋತಿತು. ದಂಡವನ್ನು ಖರ್ಚಿಗೆ ಬರೆದು ಮರೆಯಬಹುದು. ಪರವಾನಗಿ ಹೋದರೆ ಬಾಗಿಲು ಮುಚ್ಚಬೇಕಾಗುತ್ತದೆ.

ಯಂತ್ರದ ಹಿಂದೆ ಹೋಗುವವರು

ಹೀಗೆ ಕಾಗದದ ಮೇಲೆ ನಿಂತ ವ್ಯವಸ್ಥೆಯಲ್ಲಿ ನಮ್ಮ ರಫ್ತುದಾರನ ಸ್ಥಾನವೇನು? ಅಮೆರಿಕದ ಹೊರಗಿನ ಸಂಸ್ಥೆಯಿಂದ ಕೊಂಡ ಯಂತ್ರವನ್ನು ಅಳವಡಿಸಲು, ದುರಸ್ತಿ ಮಾಡಲು, ಅಲ್ಲಿನವರಿಗೆ ತರಬೇತಿ ನೀಡಲು ಬಿ-1 ವೀಸಾದಲ್ಲಿ ಅವಕಾಶವುಂಟು. ಆದರೆ ಷರತ್ತುಗಳಿವೆ. ಆ ಸೇವೆಯನ್ನು ಮಾರಾಟಗಾರನೇ ಒದಗಿಸಬೇಕೆಂದು ಮಾರಾಟದ ಕರಾರಿನಲ್ಲಿ ಸ್ಪಷ್ಟವಾಗಿ ಬರೆದಿರಬೇಕು. ಹೋಗುವವನಿಗೆ ಆ ಯಂತ್ರದ ವಿಶೇಷ ಜ್ಞಾನವಿರಬೇಕು. ಸಂಬಳ ಇಲ್ಲಿಂದಲೇ ಸಂದಾಯವಾಗಬೇಕು. ಕಟ್ಟಡ ನಿರ್ಮಾಣದ ಕೆಲಸಕ್ಕೆ ಅವನು ಮೇಲ್ವಿಚಾರಣೆ ಅಥವಾ ತರಬೇತಿಗಾಗಿ ನಿಲ್ಲಬಹುದೇ ಹೊರತು ಕೈ ಹಾಕುವಂತಿಲ್ಲ. ಜಾರ್ಜಿಯಾದ ದಾಳಿಯ ನಂತರ ಕೊರಿಯ ಸರ್ಕಾರ ಅಮೆರಿಕದೊಡನೆ ಮಾತುಕತೆ ನಡೆಸಿ ಸ್ಪಷ್ಟಪಡಿಸಿಕೊಂಡುದೂ ಬಿ-1ರ ಈ ಅವಕಾಶವನ್ನೇ.

ನಮ್ಮ ಸಣ್ಣ ಘಟಕಗಳಲ್ಲಿ ಯಂತ್ರದ ದರ, ವಿತರಣೆ, ಹಣ ಪಾವತಿಯ ಷರತ್ತುಗಳನ್ನು ಪರ್ಚೇಸ್ ಆರ್ಡರಿನಲ್ಲಿ ಬರೆಯಿಸಿ, ಅಳವಡಿಕೆಯನ್ನು ಫೋನಿನ ಮಾತಿಗೆ ಬಿಡುವ ರೂಢಿಯಿದೆ. ಫಿಟ್ಟರನು ಅಮೆರಿಕದ ವಿಮಾನ ನಿಲ್ದಾಣದಲ್ಲಿಳಿದು ಅಧಿಕಾರಿಯ ಮುಂದೆ ನಿಂತಾಗ ಫೋನಿನ ಮಾತು ಅವನ ಚೀಲದಲ್ಲಿರುವುದಿಲ್ಲ. ಅಳವಡಿಕೆಯ ಹೊಣೆ, ಅದರ ಅವಧಿ ಮತ್ತು ಕೆಲಸದ ಸ್ವರೂಪವನ್ನು ಕರಾರಿನಲ್ಲಿಯೇ ಸೇರಿಸಿ, ಅದರ ಪ್ರತಿಯನ್ನೂ ಇಲ್ಲಿನ ಸಂಬಳದ ದಾಖಲೆಯನ್ನೂ ಅವನ ಕೈಗೆ ಕೊಟ್ಟು ಕಳುಹಿಸಬೇಕು. ಕೊಳ್ಳುಗನು 'ಹೇಗೂ ಬಂದಿದ್ದೀರಿ, ಪಕ್ಕದ ಅಡಿಪಾಯವನ್ನೂ ಮುಗಿಸಿಕೊಡಿ' ಎಂದರೆ ಒಪ್ಪಬಾರದೆಂಬ ಸೂಚನೆಯನ್ನು ಹೊರಡುವ ಮೊದಲೇ ಕೊಡಬೇಕು.