‘ಪೊಲೀಸ್ ಕಾರ್ಯಾಚರಣೆ’: ಒಂದು ಪದ ಮಾಡಿದ ಕೆಲಸ

ಸೊಲ್ಲಾಪುರ, ಉಸ್ಮಾನಾಬಾದ, ಕಲಬುರ್ಗಿ, ಬೀದರ ಸೀಮೆಯ ಹಿರಿಯರ ಮಾತಿನಲ್ಲಿ ‘ಪೊಲೀಸ್ ಆ್ಯಕ್ಷನ್’ ಎಂಬುದು ಕಾಲವನ್ನು ಗುರುತಿಸುವ ಪದ. ಒಬ್ಬರ ಹುಟ್ಟು, ಇನ್ನೊಬ್ಬರ ಮದುವೆ, ಒಂದು ಮನೆತನ ಊರು ಬಿಟ್ಟದ್ದು, ಇವೆಲ್ಲವನ್ನೂ ಆ್ಯಕ್ಷನ್ನಿಗಿಂತ ಮೊದಲು ಅಥವಾ ಆಮೇಲೆ ಎಂದು ಎಣಿಸುವುದುಂಟು. ಕನ್ನಡದ ಪುಸ್ತಕಗಳಲ್ಲಿ ಅದು ‘ಪೊಲೀಸ್ ಕಾರ್ಯಾಚರಣೆ’. ಆದರೆ 1948ರ ಸೆಪ್ಟೆಂಬರ್ 13ರಂದು ಸೊಲ್ಲಾಪುರದಿಂದ ನಳದುರ್ಗದ ಕಡೆಗೆ ಸಾಗಿದವರು ಪೊಲೀಸರಲ್ಲ. ಮೇಜರ್ ಜನರಲ್ ಜೆ. ಎನ್. ಚೌಧುರಿಯವರ ನೇತೃತ್ವದ ಭೂಸೇನೆ ಟ್ಯಾಂಕುಗಳೊಡನೆ ಸಾಗಿತ್ತು. ಬೆಂಬಲಕ್ಕೆ ವಾಯುಪಡೆಯ ವಿಮಾನಗಳಿದ್ದವು. ಸೇನೆ ಅದಕ್ಕೆ ಇಟ್ಟುಕೊಂಡ ಹೆಸರು ‘ಆಪರೇಷನ್ ಪೋಲೋ’. ಸೇನೆಯ ಕಾರ್ಯಕ್ಕೆ ಪೊಲೀಸರ ಹೆಸರು ಏಕೆ ಬಂತು ಎಂಬ ಪ್ರಶ್ನೆ ಇತಿಹಾಸದ ವಿದ್ಯಾರ್ಥಿಗೆ ಎಷ್ಟು ಸಂಬಂಧಿಸಿದ್ದೋ ಭಾಷೆಯ ವಿದ್ಯಾರ್ಥಿಗೂ ಅಷ್ಟೇ ಸಂಬಂಧಿಸಿದ್ದು.

ಈ ಹೆಸರು ಹೈದರಾಬಾದಿಗಿಂತ ಮೊದಲೇ ಬೇರೊಂದು ಕಡೆ ಬಳಕೆಯಾಗಿತ್ತು. ಇಂಡೋನೇಷ್ಯಾ 1945ರ ಆಗಸ್ಟ್ 17ರಂದು ಸ್ವಾತಂತ್ರ್ಯವನ್ನು ಘೋಷಿಸಿಕೊಂಡಿತು. ಅದನ್ನು ಒಪ್ಪದ ಡಚ್ಚರು 1947ರ ಜುಲೈ 21ರಂದು ಜಾವಾ ಮತ್ತು ಸುಮಾತ್ರಾ ದ್ವೀಪಗಳಲ್ಲಿ ಸೇನೆಯನ್ನು ನುಗ್ಗಿಸಿ, ಅದನ್ನು ‘ಪೊಲೀಸ್ ಕಾರ್ಯಾಚರಣೆ’ ಎಂದು ಕರೆದರು. ತೋಟಗಳು ಮತ್ತು ತೈಲದ ನೆಲೆಗಳು ಅವರ ಗುರಿಯಾಗಿದ್ದವು. ಸೇನೆಯ ಒಳಗಿನ ಸಂಕೇತನಾಮ ‘ಪ್ರಾಡಕ್ಟ್’, ಅಂದರೆ ಉತ್ಪನ್ನ. ಜಗತ್ತಿಗೆ ಹೇಳಿದ ಹೆಸರಿನ ಧ್ವನಿ ಬೇರೆ. ಇಂಡೋನೇಷ್ಯಾ ತಮ್ಮ ರಾಜ್ಯದ್ದೇ ಭಾಗ, ಮನೆಯೊಳಗಿನ ವಿಷಯದಲ್ಲಿ ವಿಶ್ವಸಂಸ್ಥೆಗೆ ಕೆಲಸವಿಲ್ಲ ಎಂಬ ವಾದವೆಲ್ಲ ಆ ಹೆಸರಿನಲ್ಲಿ ಅಡಗಿತ್ತು. ವಾದವನ್ನು ಒಪ್ಪದೆ ಪ್ರಕರಣವನ್ನು ಭದ್ರತಾ ಮಂಡಳಿಯ ಮುಂದಿಟ್ಟ ದೇಶಗಳು ಆಸ್ಟ್ರೇಲಿಯಾ ಮತ್ತು ಭಾರತ.

ಮರುವರ್ಷ ಅದೇ ಹೆಸರು ಭಾರತಕ್ಕೆ ಬೇಕಾಯಿತು. ಹೈದರಾಬಾದ್ ಸರಕಾರ ಭದ್ರತಾ ಮಂಡಳಿಗೆ ದೂರು ಕೊಟ್ಟಿತ್ತು. ಇದು ಆಂತರಿಕ ವಿಷಯ ಎಂಬುದು ಈಗ ಭಾರತದ ನಿಲುವಾಗಿತ್ತು. 1950ರ ಜೂನ್ ತಿಂಗಳಲ್ಲಿ ಕೊರಿಯಾದ ಸರದಿ. ಅಲ್ಲಿ ನಡೆಯುತ್ತಿರುವುದನ್ನು ವಿಶ್ವಸಂಸ್ಥೆಯ ಅಡಿಯ ಪೊಲೀಸ್ ಕಾರ್ಯಾಚರಣೆ ಎನ್ನಬಹುದೇ ಎಂದು ಪತ್ರಕರ್ತರೊಬ್ಬರು ಕೇಳಿದಾಗ ಅಮೆರಿಕದ ಅಧ್ಯಕ್ಷ ಟ್ರೂಮನ್ ಹೌದೆಂದರು. ಅಲ್ಲಿಯ ಸಂವಿಧಾನದಂತೆ ಯುದ್ಧ ಸಾರುವ ಅಧಿಕಾರ ಕಾಂಗ್ರೆಸ್ಸಿನದು. ಯುದ್ಧವೆಂದು ಕರೆಯದಿದ್ದರೆ ಅದರ ಒಪ್ಪಿಗೆಯ ಮಾತು ಹಿಂದೆ ಸರಿಯುತ್ತದೆ. ಮೂರು ವರ್ಷ ನಡೆದ ಆ ‘ಕಾರ್ಯಾಚರಣೆ’ಯಲ್ಲಿ 36 ಸಾವಿರಕ್ಕೂ ಹೆಚ್ಚು ಅಮೆರಿಕದ ಸೈನಿಕರು ಸತ್ತರು. ಸತ್ತ ಕೊರಿಯನ್ನರನ್ನು ಲಕ್ಷಗಳಲ್ಲಿ ಎಣಿಸಬೇಕು.

‘ಯುದ್ಧ’ ಎಂದಾಗ ಎರಡು ಪಕ್ಷಗಳು ಕಣ್ಣ ಮುಂದೆ ಬರುತ್ತವೆ. ಎರಡರ ಮಾತನ್ನೂ ಕೇಳಬೇಕಾಗುತ್ತದೆ. ‘ಪೊಲೀಸ್’ ಎಂದೊಡನೆ ಒಂದು ಕಡೆ ಕಾನೂನು, ಇನ್ನೊಂದು ಕಡೆ ಅಪರಾಧಿ. ಯುದ್ಧವನ್ನು ಸಾರಬೇಕು, ಸೆರೆಯಾಳುಗಳ ಹಕ್ಕನ್ನು ಮನ್ನಿಸಬೇಕು, ಸತ್ತವರ ಲೆಕ್ಕ ಕೊಡಬೇಕು. ಪೊಲೀಸರು ಹೋಗಿಬಂದರು ಎಂದರೆ ಕೆಲಸ ಸಣ್ಣದು, ಬೇಗ ಮುಗಿದದ್ದು ಎಂಬ ಭಾವನೆ ಉಳಿಯುತ್ತದೆ. ಇಂಥ ಪದ ನೇರವಾಗಿ ಸುಳ್ಳು ಹೇಳುವುದಿಲ್ಲ. ಕೇಳಬೇಕಾದ ಪ್ರಶ್ನೆ ಹುಟ್ಟದಂತೆ ನೋಡಿಕೊಳ್ಳುತ್ತದೆ.

ಹೈದರಾಬಾದನ್ನು ಇಂಡೋನೇಷ್ಯಾದೊಡನೆ ಸಮೀಕರಿಸುವುದು ಸರಿಯಲ್ಲ. ಡಚ್ಚರು ಕೈಬಿಟ್ಟುಹೋದ ವಸಾಹತನ್ನು ಮರಳಿ ಹಿಡಿಯಲು ಹೊರಟಿದ್ದರು. ಹೈದರಾಬಾದ್ ಸಂಸ್ಥಾನದಲ್ಲಿ ರಜಾಕಾರರ ಹಾವಳಿಯಿಂದ ಊರೂರು ನಲುಗಿತ್ತು. ಬಹುಜನರ ಪಾಲಿಗೆ ಸೇನೆಯ ಆಗಮನ ಬಿಡುಗಡೆಯೇ ಆಗಿತ್ತು. ಆದರೆ ನ್ಯಾಯಕ್ಕೂ ಅನ್ಯಾಯಕ್ಕೂ ಒಂದೇ ಹೆಸರು ಒಪ್ಪುತ್ತದೆಯೆಂದರೆ, ಆ ಹೆಸರು ಯಾವುದಕ್ಕೂ ಸಾಕ್ಷಿಯಾಗಲಾರದು. ಸೇನೆ ಬಂದ ಬೆನ್ನಲ್ಲೇ ಮುಸ್ಲಿಮರ ಮೇಲೆ ನಡೆದ ಹಿಂಸೆಯನ್ನು ತಿಳಿಯಲು ನೆಹರೂ ಅವರು ಪಂಡಿತ ಸುಂದರಲಾಲರ ತಂಡವನ್ನು ಕಳಿಸಿದರು. ಸತ್ತವರು 27 ಸಾವಿರದಿಂದ 40 ಸಾವಿರ ಎಂಬುದು ತಂಡದ ಅಂದಾಜು. ಹೆಚ್ಚು ನೊಂದ ಜಿಲ್ಲೆಗಳು ಉಸ್ಮಾನಾಬಾದ, ಕಲಬುರ್ಗಿ, ಬೀದರ, ನಾಂದೇಡ. ವರದಿ ದಶಕಗಳ ಕಾಲ ಪ್ರಕಟವಾಗಲಿಲ್ಲ. ಐದು ದಿನಗಳ ಪೊಲೀಸ್ ಕಾರ್ಯಾಚರಣೆ ಎಂಬ ಹೆಸರಿನೊಳಗೆ ಆ ಸಂಖ್ಯೆಗೆ ಜಾಗವಿರಲಿಲ್ಲ. ನೆದರ್ಲೆಂಡ್ಸಿನಲ್ಲಿಯೂ ಹಾಗೆಯೇ. ಡಚ್ ಸೇನೆ ಮಿತಿಮೀರಿದ ಹಿಂಸೆಯನ್ನು ವ್ಯಾಪಕವಾಗಿ ಬಳಸಿತ್ತೆಂದು ಅಲ್ಲಿಯ ಸಂಶೋಧನಾ ಸಂಸ್ಥೆಗಳು ಒಟ್ಟಾಗಿ ತೀರ್ಮಾನಿಸಿ, ಪ್ರಧಾನಿ ಕ್ಷಮೆ ಕೇಳಿದ್ದು 2022ರಲ್ಲಿ. ಸೇನೆ ನುಗ್ಗಿ 75 ವರ್ಷಗಳಾದ ಮೇಲೆ.

ಇಂಥ ಪದಗಳನ್ನು ಪರೀಕ್ಷಿಸುವ ಉಪಾಯ ಕನ್ನಡ ವ್ಯಾಕರಣದಲ್ಲೇ ಇದೆ. ಆಡುಮಾತಿನಲ್ಲಿ ಕರ್ಮಣಿ ಪ್ರಯೋಗ ಅಪರೂಪ. ‘ಕೊಲ್ಲಲ್ಪಟ್ಟರು’ ಎಂಬುದು ಪತ್ರಿಕೆಯ ಮಾತು. ಜನ ‘ಕೊಂದರು’ ಎನ್ನುತ್ತಾರೆ, ಆಗ ‘ಯಾರು?’ ಎಂಬ ಪ್ರಶ್ನೆ ತಾನಾಗಿ ಏಳುತ್ತದೆ. ‘ಪ್ರದೇಶವನ್ನು ತೆರವುಗೊಳಿಸಲಾಯಿತು’ ಎಂಬ ವಾಕ್ಯವನ್ನು ಕರ್ತರಿಗೆ ತಿರುಗಿಸಿದರೆ ಯಾರು, ಯಾರನ್ನು, ಎಲ್ಲಿಗೆ ಎಂಬ ಮೂರು ಪ್ರಶ್ನೆಗಳು ಎದುರು ನಿಲ್ಲುತ್ತವೆ. ರಜಾಕಾರರ ಕೃತ್ಯಗಳಿಗೆ ಈ ಸೀಮೆಯ ಜನ ‘ಹಾವಳಿ’ ಎಂಬ ಪದವನ್ನು ಬಳಸಿದರು. ಅದರಲ್ಲಿ ಮಾಡಿದವನೂ ಇದ್ದಾನೆ, ನೊಂದವನೂ ಇದ್ದಾನೆ. ‘ಕಾರ್ಯಾಚರಣೆ’ಯಲ್ಲಿ ಇಬ್ಬರೂ ಕಾಣುವುದಿಲ್ಲ, ಅವರನ್ನು ಹುಡುಕಿ ಹೊರತರುವುದು ಓದುವವರ ಪಾಲಿನ ಕೆಲಸ.