ಜೀರುಂಡೆಯ ಹಾವಳಿಯೂ ಪೆಟ್ಟಿಗೆಯ ಪತ್ರಗಳೂ

ಮಳೆಗಾಲದ ರಾತ್ರಿಗಳಲ್ಲಿ ಕಾಸರಗೋಡಿನ ಮನೆಗಳ ಬಚ್ಚಲು, ಅಟ್ಟಗಳ ಸಂದಿಯಿಂದ ಕೇಳಿಬರುವ ಚಿರ್‌ಚಿರ್ ಸದ್ದು ಗಂಡು ಜೀರುಂಡೆಯದು. ಮುಂದಿನ ರೆಕ್ಕೆಗಳನ್ನು ಒಂದಕ್ಕೊಂದು ಉಜ್ಜಿ ಅದು ಹೆಣ್ಣನ್ನು ಕರೆಯುತ್ತದೆ. ನಿದ್ದೆಗೇಡಷ್ಟೇ ಆಗಿದ್ದರೆ ಸಹಿಸಬಹುದಿತ್ತು. ಆದರೆ ಜೀರುಂಡೆ ಬಟ್ಟೆಯನ್ನೂ ಕಾಗದವನ್ನೂ ಕಡಿದು ತಿನ್ನುತ್ತದೆ.

ಕಾಗದದ ನಷ್ಟ ಇಲ್ಲಿ ಸಣ್ಣದಲ್ಲ. 1956ರಲ್ಲಿ ಕೇರಳಕ್ಕೆ ಸೇರುವವರೆಗೆ ಕಾಸರಗೋಡು ದಕ್ಷಿಣ ಕನ್ನಡ ಜಿಲ್ಲೆಯ ತಾಲೂಕಾಗಿತ್ತು. ಆ ಕಾಲದ ಕನ್ನಡ ಗೇಣಿಚೀಟುಗಳೂ ವಿಭಾಗಪತ್ರಗಳೂ ಇಂದಿಗೂ ಮನೆಗಳ ಮರದ ಪೆಟ್ಟಿಗೆಗಳಲ್ಲಿವೆ. ನೋಂದಾಯಿತ ದಸ್ತಾವೇಜಿಗಾದರೆ ನೋಂದಣಿ ಕಚೇರಿಯಿಂದ ದೃಢೀಕೃತ ನಕಲು ಪಡೆಯಲು ಕಾನೂನಿನಲ್ಲಿ ಅವಕಾಶವಿದೆ. ನೋಂದಣಿಯಾಗದ ಪತ್ರ ನಾಶವಾದರೆ ಆ ದಾರಿಯೂ ಇಲ್ಲ.

ಜೀರುಂಡೆಗೆ ಬೇಕಾದುದು ತೇವ, ಕತ್ತಲೆ ಮತ್ತು ಅಡಗುವ ಎಡೆ. ಆದುದರಿಂದ ಸೌದೆ, ಅಡಿಕೆಸಿಪ್ಪೆ, ತೆಂಗಿನ ಗರಿಗಳ ರಾಶಿಯನ್ನು ಗೋಡೆಯಿಂದ ದೂರವಿಡಬೇಕು; ಬಾಗಿಲಡಿಯ ಸಂದನ್ನೂ ಗೋಡೆಯ ಬಿರುಕನ್ನೂ ಮುಚ್ಚಬೇಕು; ಬಚ್ಚಲಲ್ಲಿ ನೀರು ನಿಲ್ಲಗೊಡಬಾರದು. ಬಿಳಿಯ ದೀಪ ಹುಳುಗಳನ್ನು ಹೆಚ್ಚು ಸೆಳೆಯುವುದರಿಂದ ಜಗಲಿಗೆ ಹಳದಿ ಬೆಳಕು ಲೇಸು. ಒಳಹೊಕ್ಕವುಗಳನ್ನು ಹಿಡಿಯಲು ಮೂಲೆಗಳಲ್ಲಿ ಅಂಟುಹಾಳೆ ಇರಿಸಬಹುದು.

ಪತ್ರಗಳನ್ನು ಮಳೆಗಾಲಕ್ಕೆ ಮುನ್ನ ನೆರಳಲ್ಲಿ ಗಾಳಿಗೆ ಹರವಿ, ಬಿಗಿ ಮುಚ್ಚಳದ ತಗಡಿನ ಪೆಟ್ಟಿಗೆಯಲ್ಲಿ, ನೆಲಕ್ಕೆ ತಾಗದಂತೆ ಇರಿಸಬೇಕು. ಪ್ರತಿಯೊಂದರ ನಕಲು ಬೇರೊಂದು ಮನೆಯಲ್ಲಿರಲಿ.