ಗಾಜಿನ ತೊಟ್ಟಿಯಲ್ಲಿ ಮತ್ಸ್ಯನ್ಯಾಯ

ದೊಡ್ಡ ಮೀನು ಸಣ್ಣ ಮೀನನ್ನು ನುಂಗುವ ರೀತಿಗೆ ನಮ್ಮ ಪೂರ್ವಿಕರು ಮತ್ಸ್ಯನ್ಯಾಯವೆಂದು ಹೆಸರಿಟ್ಟರು. ಕೌಟಿಲ್ಯನ ಅರ್ಥಶಾಸ್ತ್ರದಲ್ಲಿ ಈ ಮಾತು ದಂಡನೀತಿಯ ಪ್ರಸಂಗದಲ್ಲಿ ಬರುತ್ತದೆ. ದಂಡ ಹಿಡಿದು ಕಾಯುವವನಿಲ್ಲದ ನಾಡಿನಲ್ಲಿ ಬಲವುಳ್ಳವನು ಬಲಹೀನನನ್ನು ತಿಂದುಹಾಕುತ್ತಾನೆ ಎಂಬುದು ಅದರ ತಾತ್ಪರ್ಯ. ಹೊಳೆಗೂ ಸಮುದ್ರಕ್ಕೂ ಅರಸನಿಲ್ಲ. ಆದರೆ ಮನೆಯ ಪಡಸಾಲೆಯಲ್ಲಿಟ್ಟ ಗಾಜಿನ ತೊಟ್ಟಿಗೆ ಅರಸನಿದ್ದಾನೆ. ಯಾವ ಮೀನು ಯಾರೊಡನೆ ಬಾಳಬೇಕು, ಎಷ್ಟು ಜಾಗದಲ್ಲಿ ಬಾಳಬೇಕು ಎಂಬುದನ್ನು ನಿರ್ಧರಿಸುವವನು ಆ ಮನೆಯ ಯಜಮಾನನೇ. ಆದ್ದರಿಂದ ಅಲ್ಲಿ ಮತ್ಸ್ಯನ್ಯಾಯ ನಡೆದರೆ ಅದರ ಹೊಣೆಯನ್ನು ಮೀನಿನ ಮೇಲೆ ಹೊರಿಸಲಾಗದು.

ಜತ್ತ ತಾಲೂಕಿನಂಥ ಬರದ ಸೀಮೆಯಲ್ಲಿ ಬೆಳೆಯುವ ಮಕ್ಕಳಿಗೆ ತುಂಬಿದ ನೀರೇ ಒಂದು ಬೆರಗು. ಅದರಲ್ಲಿ ಬಣ್ಣದ ಮೀನು ಈಜಿದರಂತೂ ಕಣ್ಣು ಕೀಳಲಾಗದ ಆಕರ್ಷಣೆ. ಸೊಳ್ಳೆಯ ಮರಿಗಳನ್ನು ತಿನ್ನಲೆಂದು ನೀರಿನ ತೊಟ್ಟಿಗಳಿಗೆ ಬಿಡುವ ಗಪ್ಪಿ ಮೀನು ಅನೇಕ ಮಕ್ಕಳಿಗೆ ಪರಿಚಿತವೇ. ಮುಂದೆ ಮಿರಜ, ಸಾಂಗಲಿ, ವಿಜಯಪುರದ ಪೇಟೆಗೆ ಹೋದಾಗ ಪಾಲಕರನ್ನು ಕಾಡಿ, ಪ್ಲಾಸ್ಟಿಕ್ ಚೀಲದಲ್ಲಿ ನಾಲ್ಕಾರು ಜಾತಿಯ ಮೀನುಗಳನ್ನು ತರುವುದುಂಟು. ಆಯ್ಕೆಯೆಲ್ಲ ಬಣ್ಣ ನೋಡಿ ಆದದ್ದು. ವಾರದೊಳಗೆ ಒಂದರ ಈಜುರೆಕ್ಕೆ ಹರಿದಿರುತ್ತದೆ, ಇನ್ನೊಂದು ಮೂಲೆ ಹಿಡಿದಿರುತ್ತದೆ, ಮತ್ತೊಂದು ಕಾಣುವುದೇ ಇಲ್ಲ. ಆಗ ಉಳಿದ ಮೀನಿಗೆ "ಕೆಟ್ಟ ಮೀನು" ಎಂಬ ಹೆಸರು ಬರುತ್ತದೆ.

ಮೀನಿನ ಜಗಳ ಕೆಟ್ಟತನದಿಂದ ಹುಟ್ಟುವುದಲ್ಲವೆಂಬುದನ್ನು ಪ್ರಾಣಿಗಳ ನಡವಳಿಕೆಯ ಶಾಸ್ತ್ರ ಬಹಳ ಹಿಂದೆಯೇ ತೋರಿಸಿಕೊಟ್ಟಿದೆ. ನಿಕೋ ಟಿಂಬರ್ಗೆನ್ ಸ್ಟಿಕಲ್‌ಬ್ಯಾಕ್ ಎಂಬ ಸಣ್ಣ ಮೀನನ್ನು ಪರೀಕ್ಷಿಸಿದರು. ಮರಿ ಮಾಡುವ ಕಾಲದಲ್ಲಿ ಅದರ ಗಂಡಿನ ಹೊಟ್ಟೆ ಕೆಂಪಾಗುತ್ತದೆ; ತನ್ನ ಗೂಡಿನ ಸರಹದ್ದಿನೊಳಗೆ ಬಂದ ಇನ್ನೊಂದು ಗಂಡನ್ನು ಅದು ಓಡಿಸುತ್ತದೆ. ಮೀನಿನ ಆಕಾರವೇ ಇಲ್ಲದ ತುಂಡೊಂದರ ಕೆಳಭಾಗಕ್ಕೆ ಕೆಂಪು ಬಳಿದು ಮುಂದೆ ಹಿಡಿದರೂ ಅದು ಮೇಲೆ ಬೀಳುತ್ತಿತ್ತು; ಮೀನಿನಂತೆಯೇ ಮಾಡಿ ಕೆಂಪು ಬಳಿಯದ ಗೊಂಬೆಯನ್ನು ಅಷ್ಟಾಗಿ ಲೆಕ್ಕಿಸುತ್ತಿರಲಿಲ್ಲ. ಕೊನ್ರಾಡ್ ಲೊರೆಂಟ್ಸ್ 1963ರ ತಮ್ಮ ಗ್ರಂಥದಲ್ಲಿ, ಹವಳದ ದಿಬ್ಬಗಳ ಬಣ್ಣದ ಮೀನುಗಳು ಹೆಚ್ಚಾಗಿ ತಮ್ಮ ಜಾತಿಯವುಗಳೊಡನೆಯೇ ಕಾದಾಡುವುದನ್ನು ವಿವರಿಸಿದರು. ಒಂದೇ ಆಹಾರ, ಒಂದೇ ನೆಲೆ ಬೇಕಾದವುಗಳು ಪರಸ್ಪರ ದೂರವಿರಲು ಪ್ರಕೃತಿ ಮಾಡಿದ ಏರ್ಪಾಡು ಅದು. 1973ರಲ್ಲಿ ಈ ಇಬ್ಬರೂ ಕಾರ್ಲ್ ಫಾನ್ ಫ್ರಿಶ್ ಅವರೊಡನೆ ನೊಬೆಲ್ ಪುರಸ್ಕಾರ ಹಂಚಿಕೊಂಡರು. ಹೊಳೆಯಲ್ಲಿ ಸೋತ ಮೀನು ಓಡಿಹೋಗುತ್ತದೆ, ಜಗಳ ಅಲ್ಲಿಗೆ ಮುಗಿಯುತ್ತದೆ. ತೊಟ್ಟಿಯಲ್ಲಿ ಓಡಲು ದಾರಿಯಿಲ್ಲ; ಗೆದ್ದ ಮೀನಿಗೆ ಎದುರಾಳಿ ಇನ್ನೂ ಕಣ್ಣೆದುರಿಗೇ ಇರುತ್ತಾನೆ.

ಅಂಗಡಿಯಲ್ಲಿ ಕಾಣುವ ಜಗಳಗಂಟ ಮೀನುಗಳ ಸ್ವಭಾವ ಒಂದೇ ಬಗೆಯದಲ್ಲ. ಥಾಯ್ಲೆಂಡ್ ಮೂಲದ ಬೆಟ್ಟಾ, ಅಂದರೆ ಫೈಟರ್ ಮೀನಿನ ಎರಡು ಗಂಡುಗಳು ಒಂದೇ ತೊಟ್ಟಿಯಲ್ಲಿ ಬಾಳಲಾರವು. ಉದ್ದ ಬಾಲದ ಗಪ್ಪಿಯನ್ನೂ ಅದು ಎದುರಾಳಿಯೆಂದು ಭ್ರಮಿಸಬಹುದು. ಟೈಗರ್ ಬಾರ್ಬ್ ಗುಂಪಿನ ಜೀವಿ. ಎಂಟು-ಹತ್ತು ಇದ್ದರೆ ತಮ್ಮತಮ್ಮಲ್ಲೇ ಬೆನ್ನಟ್ಟಿಕೊಂಡು ಕಾಲ ಕಳೆಯುತ್ತವೆ. ಎರಡು ಮೂರೇ ಇದ್ದರೆ ನಿಧಾನವಾಗಿ ಈಜುವ ಏಂಜೆಲ್ ಮೀನಿನ ರೆಕ್ಕೆಯನ್ನು ಕಚ್ಚಿ ಹರಿಯುತ್ತವೆ. ಏಂಜೆಲ್ ಮೀನೂ ಪೂರ್ತಿ ಸಾಧುವಲ್ಲ: ಬೆಳೆದ ಮೇಲೆ ನಿಯಾನ್ ಟೆಟ್ರಾದಂಥ ಕಿರುಮೀನುಗಳನ್ನು ನುಂಗುತ್ತದೆ, ಮೊಟ್ಟೆಯಿಟ್ಟಾಗ ಹತ್ತಿರ ಬಂದವರನ್ನೆಲ್ಲ ಅಟ್ಟುತ್ತದೆ. ಅಂಗಡಿಯಲ್ಲಿ ಎರಡಿಂಚು ಕಾಣುವ ಆಸ್ಕರ್ ಒಂದಡಿಗೆ ಬೆಳೆಯುತ್ತದೆ. ಅದರ ಬಾಯಿಗೆ ಹಿಡಿಸುವುದೆಲ್ಲ ಅದರ ಆಹಾರ. ವಾಸ್ತುವಿಗೂ ಅದೃಷ್ಟಕ್ಕೂ ಒಳ್ಳೆಯದೆಂದು ಮಾರುವ ಫ್ಲವರ್‌ಹಾರ್ನ್ ಮನುಷ್ಯನೇ ಮಿಶ್ರತಳಿಯಾಗಿ ಬೆಳೆಸಿದ ಮೀನು. ಅದನ್ನು ಒಂಟಿಯಾಗಿಯೇ ಸಾಕಬೇಕು.

ಮೀನಿನ ಆಯ್ಕೆಗೆ ಊರಿನ ನೀರನ್ನೂ ಗಮನಿಸಬೇಕು. ಕೊಳವೆಬಾವಿಯ ನೀರು ಕಾಯಿಸಿದ ಪಾತ್ರೆಯ ತಳದಲ್ಲಿ ಬಿಳಿಯ ಪದರು ಕಟ್ಟುತ್ತಿದ್ದರೆ ಅದು ಗಡಸು ನೀರು. ಗಪ್ಪಿ, ಮೊಲ್ಲಿ, ಪ್ಲಾಟಿಗಳಿಗೆ ಅದು ಹಿತ. ಮೆದು ನೀರಿನ ಅಮೆಜಾನ್ ಪ್ರದೇಶದಿಂದ ಬಂದ ಡಿಸ್ಕಸ್, ನಿಯಾನ್ ಟೆಟ್ರಾಗಳಿಗೆ ಹಿತವಲ್ಲ. ಆಫ್ರಿಕದ ಮಲಾವಿ ಸರೋವರದ ಸಿಕ್ಲಿಡ್ ಮೀನುಗಳಿಗೂ ಗಡಸು ನೀರೇ ಬೇಕು. ಆದರೆ ಅವು ಕಲ್ಲಿನ ಸಂದಿಗಾಗಿ ಹೋರಾಡುವ ಜಾತಿ, ಸಾಧು ಮೀನುಗಳ ಜೊತೆಗೆ ಬಿಡುವಂಥವಲ್ಲ. ನೀರು ಒಗ್ಗಿತೆಂದ ಮಾತ್ರಕ್ಕೆ ಸಹವಾಸ ಒಗ್ಗುವುದಿಲ್ಲ.

ಎರಡಡಿ ಉದ್ದ, ಒಂದಡಿ ಅಗಲ, ಒಂದಡಿ ಎತ್ತರದ ತೊಟ್ಟಿಯಲ್ಲಿ ಸುಮಾರು 50 ಲೀಟರ್ ನೀರು ಹಿಡಿಯುತ್ತದೆ. ಅದು ಸಣ್ಣ, ಸಾಧು ಮೀನುಗಳಿಗಷ್ಟೇ ಸಾಕು. ತುಸು ಜಗಳದ ಮೀನು ಬೇಕೇ ಬೇಕೆಂದರೆ ತೊಟ್ಟಿ ದೊಡ್ಡದಿರಬೇಕು. ಕಲ್ಲು, ಗಿಡ, ಒಡೆದ ಮಡಕೆಯ ತುಂಡುಗಳನ್ನಿಟ್ಟು ಒಂದಕ್ಕೊಂದು ಕಾಣದಂತೆ ಮರೆಗಳನ್ನು ಮಾಡಬೇಕು. ಸಾಧು ಮೀನುಗಳನ್ನು ಮೊದಲು ಬಿಟ್ಟು, ಅವು ನೆಲೆಗೊಂಡ ಮೇಲೆ ಜಗಳದ ಮೀನನ್ನು ಕೊನೆಗೆ ಬಿಡಬೇಕು. ಹೊಸಬರು ಬರುವ ದಿನ ಕಲ್ಲುಗಳ ಜಾಗ ಬದಲಿಸಿ ದೀಪ ಆರಿಸಿದರೆ ಹಳೆಯ ಸರಹದ್ದುಗಳು ಅಳಿಸಿ ಎಲ್ಲರೂ ಹೊಸಬರಾಗುತ್ತಾರೆ. ಗಾಯಗೊಂಡ ಮೀನನ್ನು ಇಡಲು ಬೇರೊಂದು ಪಾತ್ರೆ ಮೊದಲೇ ಸಿದ್ಧವಿರಲಿ. ವಾರಕ್ಕೊಮ್ಮೆ ಕಾಲುಭಾಗ ನೀರು ಬದಲಿಸಲು ಬೇಕಾಗುವುದು ಸುಮಾರು ಒಂದು ಕೊಡ. ತೆಗೆದ ನೀರು ತುಳಸಿಗೂ ಕರಿಬೇವಿಗೂ ಗೊಬ್ಬರವಾಗುತ್ತದೆ. ಬೇಸಿಗೆಯಲ್ಲಿ ಆ ಒಂದು ಕೊಡಕ್ಕೂ ಬರವಿರುವ ಮನೆಯವರು ಮಳೆಗಾಲದವರೆಗೆ ಕಾಯುವುದೇ ಲೇಸು.

ಇದು ಕೇವಲ ದಯೆಯ ಪ್ರಶ್ನೆಯಲ್ಲ. 1960ರ ಪ್ರಾಣಿ ಹಿಂಸೆ ತಡೆ ಕಾಯ್ದೆಯ 2ನೆಯ ಕಲಮಿನ ಪ್ರಕಾರ ಮನುಷ್ಯನ ಹೊರತು ಉಳಿದ ಯಾವುದೇ ಜೀವಿಯೂ ಪ್ರಾಣಿಯೇ. ಮೀನೂ ಅದರಲ್ಲಿ ಸೇರಿತು. 11ನೆಯ ಕಲಮು, ಪ್ರಾಣಿಗೆ ತಕ್ಕಷ್ಟು ಚಲಿಸಲು ಅವಕಾಶವಿಲ್ಲದ ಪಂಜರದಲ್ಲಾಗಲಿ ಪಾತ್ರೆಯಲ್ಲಾಗಲಿ ಅದನ್ನಿಡುವುದನ್ನು ಅಪರಾಧವೆನ್ನುತ್ತದೆ. ಕೇವಲ ಮನರಂಜನೆಗಾಗಿ ಒಂದು ಪ್ರಾಣಿಯನ್ನು ಇನ್ನೊಂದರ ಬೇಟೆಯಾಗುವಂತೆ ಕೂಡಿಹಾಕುವುದೂ, ಕಾದಾಟಕ್ಕೆ ಕೆರಳಿಸುವುದೂ ಅದೇ ಕಲಮಿನಲ್ಲಿವೆ. ಆಸ್ಕರಿನ ಮುಂದೆ ಜೀವಂತ ಮೀನು ಬಿಟ್ಟು ನೆಂಟರಿಗೆ ತಮಾಷೆ ತೋರಿಸುವವರೂ, ಎರಡು ಫೈಟರ್‌ಗಳನ್ನು ಕಾದಾಡಿಸುವವರೂ ಇದನ್ನು ಅರಿಯಬೇಕು. ಮೊದಲ ಅಪರಾಧಕ್ಕೆ ಕಾಯ್ದೆ ಹೇಳುವ ದಂಡ 10ರಿಂದ 50 ರೂಪಾಯಿ ಮಾತ್ರ. ಅಷ್ಟು ಹಗುರ ದಂಡದಿಂದ ಕೈ ತಡೆಯದು. ತಡೆಯಬೇಕಾದದ್ದು ಮನೆಯ ತಿಳಿವಳಿಕೆ.

ಜಗಳದ ಮೀನನ್ನು ಸಾಕಲಾಗದೆ ಕೆರೆಗೋ ಬಾವಿಗೋ ಬಿಟ್ಟುಬರುವುದು ಇನ್ನೂ ದೊಡ್ಡ ತಪ್ಪು. ನೆರೆಯ ಸೋಲಾಪುರ ಜಿಲ್ಲೆಯ ಉಜನಿ ಜಲಾಶಯದಲ್ಲಿ ಮೀನುಗಾರರ ಬಲೆಗೆ ಬೀಳುವ ಚಿಲಾಪಿಯನ್ನು ಕಂಡವರು ಅನೇಕರು. ಆಫ್ರಿಕ ಮೂಲದ ಈ ತಿಲಾಪಿಯಾ ಕೂಡ ಸಿಕ್ಲಿಡ್ ಕುಟುಂಬದ್ದೇ. 1952ರಲ್ಲಿ ಅದನ್ನು ಭಾರತಕ್ಕೆ ತಂದರು. 1959ರಲ್ಲಿ ಅದನ್ನು ಹರಡದಂತೆ ನಿಷೇಧ ಹೇರಿದರೂ ಅದು ನಿಲ್ಲಲಿಲ್ಲ. ಗಾಜಿನ ಪಾಚಿ ತಿನ್ನುತ್ತದೆಂದು ಕೊಳ್ಳುವ ಸಕ್ಕರ್ ಮೀನು ಕೂಡ ದಕ್ಷಿಣ ಅಮೆರಿಕದ್ದು. ಇಂದು ದೇಶದ ಅನೇಕ ಕೆರೆ-ಹೊಳೆಗಳಲ್ಲಿ ನೆಲೆಯೂರಿದೆ. ಸಂಖ, ದೊಡ್ಡನಾಲಾದಂಥ ಜಲಾಶಯಗಳೂ ಊರೂರಿನ ಕೆರೆಗಳೂ ಜತ್ತ ತಾಲೂಕಿನ ಅಮೂಲ್ಯ ಆಸ್ತಿ. ಬೇಡವಾದ ಮೀನನ್ನು ಅಂಗಡಿಗೆ ಮರಳಿಸಬೇಕು, ಇಲ್ಲವೆ ತಕ್ಕ ತೊಟ್ಟಿಯಿರುವವರಿಗೆ ಕೊಡಬೇಕು.

ಮಕ್ಕಳು ಮೀನು ಬೇಡಿದಾಗ ಪಾಲಕರು ಮೂರು ಪ್ರಶ್ನೆ ಕೇಳಬಹುದು: ಇದು ಎಷ್ಟು ಉದ್ದ ಬೆಳೆಯುತ್ತದೆ? ಗುಂಪಿನಲ್ಲಿ ಬಾಳುತ್ತದೆಯೋ ಒಂಟಿಯಾಗಿಯೋ? ಇದರ ಬಾಯಿಗೆ ಯಾರು ಹಿಡಿಯುತ್ತಾರೆ? ಉತ್ತರ ಸಿಕ್ಕ ಮೇಲೆ ಕೊಳ್ಳಲಿ. ತಂದ ಮೇಲೆ ದಿನಕ್ಕೆ ಹತ್ತು ನಿಮಿಷ ತೊಟ್ಟಿಯ ಮುಂದೆ ಕುಳಿತು, ಯಾವುದು ಯಾವುದನ್ನು ಅಟ್ಟಿತು, ಯಾವುದು ಆಹಾರಕ್ಕೆ ಬರಲಿಲ್ಲ ಎಂಬುದನ್ನು ಕನ್ನಡ ವಹಿಯಲ್ಲಿ ಬರೆದಿಡಲಿ. ಮೂಲೆ ಹಿಡಿದ ಮೀನು ಸಾಯುವ ಮುನ್ನವೇ ಆ ಬರಹದಲ್ಲಿ ಕಾಣಿಸಿಕೊಳ್ಳುತ್ತದೆ, ಅದನ್ನು ಬೇರೆ ಮಾಡಿ ಉಳಿಸಲು ಸಮಯವೂ ಸಿಗುತ್ತದೆ.